ಮಿಂಚುಮುಷ್ಟಿಯ ಮೇಲೆ ಹದಿನಾರು ಪುಟ

"ಇವತ್ತ ಆ ಮಿಂಚುಮುಷ್ಟಿಯ ಮುಷ್ಟಿ ಬಿಚ್ಚಿಸಿ, ಐದೂ ಬೆರಳು ಎಣಿಸಿ ಮನಿಗೆ ಕಳಸ್ತೇನಿ, ನೋಡ್ತಿರು!" ಎಂದು ಟಿಕೋಟಾದ ಕನ್ನಡ ಉಪನ್ಯಾಸಕ ಸುಶೀಲೇಂದ್ರರು ಕನ್ನಡಿಯ ಮುಂದೆ ಘೋಷಿಸಿದಾಗ ಅವರ ಒಂದು ಗಲ್ಲದ ಮೇಲೆ ಇನ್ನೂ ಸೋಪಿನ ನೊರೆ ಇತ್ತು.

"ಮೊದಲ ಗಡ್ಡಾ ಮುಗಸ್ರಿ. ಹತ್ತರ ಬಸ್ ತಪ್ಪತದ," ಎಂದಳು ಹೆಂಡತಿ ಅನುರಾಧಾ.

ಮಿಂಚುಮುಷ್ಟಿ ಯಾರೋ ಓಣಿಯ ಪುಂಡನಲ್ಲ. ವಿಜಯಪುರದಿಂದ ಹೊರಡುವ ಚಿತ್ರಕಥೆಯ ಮಾಲಿಕೆಯೊಂದರ ಮಹಾವೀರ. ಹಗಲೆಲ್ಲ ಕಚೇರಿಯ ಕಾರಕೂನ. ಯಾರಿಗಾದರೂ ಕಷ್ಟ ಬಂತೋ, ಚಷ್ಮಾ ತೆಗೆದು ನೀಲಿ ಚಡ್ಡಿ ತೊಟ್ಟು ಮುಗಿಲಿಗೆ ಜಿಗಿಯುವವನು! ಹತ್ತನೇ ಸಂಚಿಕೆ ಬಂತೆಂದು ನಗರದ ಓದುಗರ ಬಳಗ ಚರ್ಚೆ ಇಟ್ಟಿತ್ತು. ಮುಖ್ಯ ಭಾಷಣ ಸುಶೀಲೇಂದ್ರರದು.

ಇದು ಸಣ್ಣ ಮಾತಲ್ಲ. ಹದಿನೆಂಟು ವರ್ಷಗಳಿಂದ ಬಳಗದಲ್ಲಿ ಅವರ ಪಾಲಿಗೆ ಬಂದದ್ದು ಬರೀ ವಂದನಾರ್ಪಣೆ. ಜನ ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಮೈಕಿನವರಿಗೆ, ಚಹಾದವರಿಗೆ ಕೈಮುಗಿದೂ ಮುಗಿದೂ ಅವರ ಅಂಗೈ ಸವೆದಿತ್ತು. ಈ ಸಲ ಕಾರ್ಯದರ್ಶಿ ಸತೀಶಕುಮಾರನೇ ಫೋನ್ ಮಾಡಿ, "ಸರ, ಜನ ಎದ್ದು ಹೋಗಲಾರದಂಗ ಮಾತಾಡ್ರಿ. ಮುಂದ ವರ್ಷಪೂರ್ತಿ ಮುಖ್ಯ ಭಾಷಣ ನಿಮ್ಮದ!" ಎಂದಿದ್ದ.

ಅವರು ಹತ್ತೂ ಸಂಚಿಕೆಗಳನ್ನು ಒಂದೇ ಸಂಜೆ ಅರೆದು ಕುಡಿದರು. ಅಂದರೆ, ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳನ್ನಷ್ಟೇ! ಚಿತ್ರ ನೋಡುವುದು ಅಕ್ಷರ ಬಾರದವರ ಕೆಲಸ ಎಂಬುದು ಅವರ ಸಿದ್ಧಾಂತ. ಆಮೇಲೆ ಹದಿನಾರು ಪುಟಗಳ ಸಂಹಾರಕಾಂಡ ಬರೆದರು.

ಕಳ್ಳಕವಟಗಿ ಕಡೆಯಿಂದ ಬಸ್ಸು ಬಂದು ನಿಂತದ್ದೇ ತಡ, ಜನ ಮುತ್ತಿದರು. ಸೀಟು ಹಿಡಿಯಲು ಒಬ್ಬ ಕಿಟಕಿಯೊಳಗೆ ಟವೆಲ್ ಒಗೆದ, ಇನ್ನೊಬ್ಬಳು ಮೆಂತ್ಯಪಲ್ಲೆಯ ಸಿವುಡನ್ನೇ ಒಗೆದಳು. ಸುಶೀಲೇಂದ್ರರ ಕೈಯಲ್ಲಿದ್ದದ್ದು ಫೈಲು ಒಂದೇ. ಒಗೆದೇಬಿಟ್ಟರು!

"ಅಯ್ಯ, ಅದು ನಿಮ್ಮ ಭಾಷಣರಿ!" ಎಂದು ಹಿಂದಿನಿಂದ ಅನುರಾಧಾ ಕೂಗಿದಳು.

"ಸೀಟು ಮೊದಲ, ಸಾಹಿತ್ಯ ಆಮ್ಯಾಲ!"

ಹತ್ತಿ ನೋಡಿದರೆ, ಕಿಟಕಿಯ ಪಕ್ಕ ಜೋಳಿಗೆ ಹಾಕಿಕೊಂಡ ಮೂವತ್ತರ ಹೆಣ್ಣುಮಗಳೊಬ್ಬಳು ಚೆದುರಿದ ಹಾಳೆಗಳನ್ನು ಜೋಡಿಸುತ್ತ ಎರಡನೇ ಪುಟ ಓದುತ್ತಿದ್ದಳು.

"ನಿಮ್ಮವೇನ್ರಿ ಇವು? ಅಕ್ಷರ ಭಾಳ ಚೆಂದ ಅದಾವ."

ಅಷ್ಟು ಸಾಕಾಯಿತು. ಅನುರಾಧಾ ಆಚೆ ಸಾಲಿನಲ್ಲಿ ಕುಳಿತಳು. ಇವರು ಈ ಕಡೆ ಬಾಯಿ ತೆರೆದರು.

"ಈ ಮಿಂಚುಮುಷ್ಟಿ ಬರಿಯೋ ಹುಡುಗ ಅದಾನಲ್ಲ, ಅಗ್ನಿಕುಮಾರ ಅಂತ ಹೆಸರಿಟ್ಕೊಂಡಾನ, ಅವಗ ಕಥಿ ಅಂದ್ರ ಏನಂತ ಗೊತ್ತಿಲ್ಲ!"

"ಹೌದೇನ್ರಿ? ಎಲ್ಲಿ ತಪ್ಪ್ಯಾನ್ರಿ?"

"ಎಲ್ಲಿ ತಪ್ಪಿಲ್ಲ ಅಂತ ಕೇಳವಾ! ಮೂರನೇ ಸಂಚಿಕಿಯೊಳಗ ನಾಯಕ ಸಾಯ್ತಾನ. ನಾಕರಾಗ ಊರೆಲ್ಲಾ ಅಳತದ. ಐದರಾಗ ಎದ್ದು ಬಂದು ಚಹಾ ಕುಡೀತಾನ! ಸಾವಿಗೇ ಬೆಲಿ ಇಲ್ಲಾಂದ್ರ ಓದಾವ್ರು ಯಾಕ ಅಂಜಬೇಕು?"

ಆಕೆ ಜೋಳಿಗೆಯಿಂದ ಸಣ್ಣ ವಹಿ ತೆಗೆದು ಪೆನ್ಸಿಲು ಆಡಿಸತೊಡಗಿದಳು. ಆಹಾ, ಶಿಷ್ಯೆ! ಸುಶೀಲೇಂದ್ರರ ದನಿ ಒಂದು ಗೇರು ಏರಿತು.

"ಇನ್ನ ಚಷ್ಮಾ! ಅದನ್ನ ತೆಗದ್ರ ಸ್ವಂತ ಹೆಂಡ್ತಿಗೂ ಗುರುತು ಸಿಗೂದಿಲ್ಲಂತ. ಆಕಿಯೇನು ಕುಂಬಳಕಾಯಿ?"

"ಮತ್ತ ಖಳನಾಯಕ ಹೆಂಗದಾನ್ರಿ?"

"ಮಹಾಮೂರ್ಖ! ವೈರಿನ್ನ ಕಟ್ಟಿಹಾಕಿ, ಹೊಡಿಯೂದು ಬಿಟ್ಟು, ತನ್ನ ಹಂಚಿಕಿ ಎಲ್ಲಾ ಮೂರು ಪುಟ ಬಿಡಿಸಿ ಬಿಡಿಸಿ ಹೇಳ್ತಾನ. ಯಾವ ಬುದ್ಧಿಗೇಡಿ ಹಂಗ ಹೇಳ್ತಾನ, ನೀನ ಹೇಳು!"

"ಯಾರೂ ಹೇಳೂದಿಲ್ಲ ಬಿಡ್ರಿ," ಎಂದಳು ಆಕೆ ಬಹಳ ಗಂಭೀರವಾಗಿ. "ಇವತ್ತ ಸಭಾದಾಗ ಯಾವುದನ್ನ ಮೊದಲ ಎತ್ತತೀರಿ?"

ಸುಶೀಲೇಂದ್ರರು ಕ್ರಮವಾಗಿ ಬಿಡಿಸಿ ಹೇಳಿದರು. ಮೊದಲು ಸಾವು, ಆಮೇಲೆ ಚಷ್ಮಾ, ಒಂದು ಗುಟುಕು ನೀರು, ಕೊನೆಗೆ ಖಳನಾಯಕ!

ಅನುರಾಧಾ ಛತ್ರಿಯ ತುದಿಯಿಂದ ಗಂಡನ ಮೊಣಕಾಲಿಗೆ ತಿವಿದಳು. "ಸಾಕು ಮಾಡ್ರಿ. ಆಕಿ ಬರಿಯಾಕತ್ತಿಲ್ಲ, ಚಿತ್ರಾ ತೆಗಿಯಾಕತ್ತಾಳ."

"ವಿಮರ್ಶಾ ನಡದಾಗ ನಡುವ ಬಾಯಿ ಹಾಕಬ್ಯಾಡ!"

ವಿಜಯಪುರದಲ್ಲಿ ಸಭೆ ತುಂಬಿತ್ತು. ಸತೀಶಕುಮಾರ ಮೈಕು ಹಿಡಿದು, "ಮುಖ್ಯ ಭಾಷಣಕ್ಕಿಂತ ಮೊದಲು ಲೇಖಕರಿಂದ ನಾಲ್ಕು ಮಾತು. ಅಗ್ನಿಕುಮಾರ ಎಂಬ ಹೆಸರಿನಲ್ಲಿ ಬರೆಯುವ ಮೃಣಾಲ ಅವರು!" ಎಂದ.

ಜೋಳಿಗೆ ವೇದಿಕೆ ಹತ್ತಿತು. ಸುಶೀಲೇಂದ್ರರು ಫೈಲನ್ನು ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದರು.

"ಮೊದಲ ಸಾವಿನ ವಿಚಾರ," ಎಂದು ಶುರುಮಾಡಿದಳು ಮೃಣಾಲ. "ನಾಕನೇ ಸಂಚಿಕಿ, ಹನ್ನೆರಡನೇ ಪುಟ ತೆಗೀರಿ. ಊರೆಲ್ಲಾ ಅಳಾಕತ್ತದ. ಹೆಂಡ್ತಿ ಒಬ್ಬಾಕಿ ಸುಮ್ಮನ ಊಟಕ್ಕ ಎರಡು ತಾಟು ಇಟ್ಟಾಳ. ಅಲ್ಲಿ ಮಾತಿಲ್ಲ, ಬರೇ ಚಿತ್ರ. ಆಕಿಗೆ ಎಲ್ಲಾ ಮೊದಲಿಂದ ಗೊತ್ತದ. ಚಷ್ಮಾ ತೆಗದ್ರ ಗುರುತು ಸಿಗಲಾರದಂಗ ಇರತಾಳ, ಯಾಕಂದ್ರ ಗಂಡನ ಮನಸ್ಸಿಗೆ ಬ್ಯಾಸರ ಆಗಬಾರದಲ್ಲರಿ?"

ಹೆಣ್ಣುಮಕ್ಕಳ ಸಾಲಿನಿಂದ ಚಪ್ಪಾಳೆ ಸಿಡಿಯಿತು. ಎಲ್ಲರಿಗಿಂತ ಜೋರಾಗಿ ಅನುರಾಧಾಳದು! ಸುಶೀಲೇಂದ್ರರು ಪಕ್ಕದವರ ಕೈಯಿಂದ ನಾಲ್ಕನೇ ಸಂಚಿಕೆ ಎಳೆದುಕೊಂಡು ಹನ್ನೆರಡನೇ ಪುಟ ತೆರೆದರು. ಎರಡು ತಾಟು. ಎರಡನೆಯದರಲ್ಲಿ ಹಬೆಯಾಡುವ ಅನ್ನ ಬೇರೆ!

ಮೃಣಾಲ ಒಂದು ಗುಟುಕು ನೀರು ಕುಡಿದಳು. "ಖಳನಾಯಕನ ವಿಚಾರಕ್ಕ ತಪ್ಪು ಒಪ್ಪತೇನಿ. ತನ್ನ ಹಂಚಿಕಿ ವೈರಿಗೇ ಕೂಡಿಸಿಕೊಂಡು ಹೇಳಾವ್ರು ನಿಜವಾಗ್ಲೂ ಇರತಾರೇನು ಅಂತ ನನಗೂ ಸಂಶಯ ಇತ್ತು. ಇವತ್ತ ಬಸ್ಸಿನ್ಯಾಗ ಒಬ್ಬರು ಸಿಕ್ಕರು. ಸಂಶಯ ಹೋತು!"

ಸಭೆ ಬಿದ್ದು ಬಿದ್ದು ನಕ್ಕಿತು. ಯಾರೆಂದು ಆಕೆ ಹೇಳಲಿಲ್ಲ. ಹೇಳದಿದ್ದರೂ ಸುಶೀಲೇಂದ್ರರ ಕಿವಿಗಳು ಕೆಂಪಗಾಗಿ ಊರಿಗೆಲ್ಲ ಸಾರಿದವು.

ಅವರ ಸರದಿ ಬಂತು. ಹದಿನೈದು ಪುಟದ ಮಾತೆಲ್ಲ ಮೃಣಾಲಳ ಬಾಯಲ್ಲಿ ಆಗಲೇ ಮುಗಿದುಹೋಗಿತ್ತು. ಹದಿನಾರರಲ್ಲಿ ಇದ್ದದ್ದು ಅವರ ಹೆಸರು, ತಾರೀಖು. ಎದ್ದು ನಿಂತರು. ಕೈಗಳು ತಮ್ಮಷ್ಟಕ್ಕೆ ತಾವೇ ಜೋಡಿಕೊಂಡವು. "ಲೇಖಕಿಯವರಿಗೆ... ಮೈಕಿನವರಿಗೆ... ಚಹಾ ಕೊಟ್ಟವರಿಗೆ..."

ಜನ ಚಪ್ಪಲಿ ಹುಡುಕತೊಡಗಿದರು.

ಹೊರಗೆ ಮೃಣಾಲ ಹತ್ತಿರ ಬಂದು ಕೇಳಿದಳು: "ಸರ, ಸಿಟ್ಟಿಲ್ಲಲ್ಲರಿ? ಹನ್ನೊಂದನೇ ಸಂಚಿಕಿಯೊಳಗ ನಿಮ್ಮನ್ನ ಹಾಕ್ಕೊಳ್ಲೇನ್ರಿ?"

ಬಾಡಿದ ವಿಮರ್ಶಕ ಚಿಗುರಿದ! ಭಾಷಣ ಹೋದರೆ ಹೋಗಲಿ, ಸಾವಿರಾರು ಓದುಗರ ಮುಂದೆ ತಮ್ಮ ವಿಚಾರಧಾರೆ ಅಚ್ಚಾಗುತ್ತದಲ್ಲ! ತಿಂಗಳಿಡೀ ಟಿಕೋಟಾ ಸ್ಟ್ಯಾಂಡಿನ ಯುನುಸನ ಪೇಪರ್ ಅಂಗಡಿಗೆ ದಿನಕ್ಕೆರಡು ಸಲ ಎಡತಾಕಿದರು. "ಆ ಹುಡುಗಾಟದ ಪುಸ್ತಕ ಬಂತೇನಪಾ? ನನಗಲ್ಲ, ಹಂಗ ಕೇಳಿದೆ."

ಕೊನೆಗೂ ಬಂತು. ನಿಂತಲ್ಲೇ ಹಾಳೆ ತಿರುವಿದರು. ಏಳನೇ ಪುಟ: ಬಸ್ಸು, ಜೋಳಿಗೆಯ ಹೆಣ್ಣುಮಗಳು, ಪಕ್ಕದಲ್ಲಿ ಸಾಕ್ಷಾತ್ ಸುಶೀಲೇಂದ್ರರು! ಅದೇ ಮೀಸೆ, ಅದೇ ಫೈಲು. ಆರು ಚೌಕಗಳಲ್ಲಿ ಆರು ಸಲ ಕುಳಿತಿದ್ದರು, ತುಟಿ ಬಿಗಿದು. ಸುತ್ತ ಎಲ್ಲರ ತಲೆಯ ಮೇಲೂ ಮಾತಿನ ಗುಳ್ಳೆ. ಕಂಡಕ್ಟರನಿಗೆ ಎರಡು, ಯಾರದೋ ಆಡಿನ ಮರಿಗೂ ಒಂದು. ಇವರಿಗಿಲ್ಲ!

ಮನೆಗೆ ಬಂದವರೇ ಪುಸ್ತಕವನ್ನು ಹೆಂಡತಿಯ ಮುಂದೆ ಕುಕ್ಕಿದರು. "ನೋಡಿದೇನು ಅನ್ಯಾಯ! ದಾರಿ ಮುಗಿಯೂತನಕಾ ಮಾತಾಡೇನಿ ನಾ! ಒಂದು ಗುಳ್ಳಿ ಸೈತ ಕೊಟ್ಟಿಲ್ಲ!"

ಅನುರಾಧಾ ಒಂದೊಂದೇ ಚೌಕವನ್ನು ಬೆರಳಿಟ್ಟು ನೋಡಿದಳು. ಮತ್ತೊಮ್ಮೆ ನೋಡಿ ತಲೆ ಅಲ್ಲಾಡಿಸಿದಳು.

"ನೀವು ಹೇಳಿದ್ದು ಖರೇ ಅದರಿ. ಆ ಹುಡುಗಿಗೆ ಕಥಿ ಬರಿಯಾಕ ಬರೂದಿಲ್ಲ."

"ಹಾಂ! ಈಗ ತಿಳೀತಲ್ಲ?"

"ಮನಷ್ಯಾ ಮುಗಲಾಗ ಹಾರತಾನಂದ್ರ ನಂಬಬಹುದು. ಸತ್ತಾಂವ ಎದ್ದು ಬಂದು ಚಹಾ ಕುಡೀತಾನಂದ್ರೂ ನಂಬಬಹುದು. ಆದ್ರ ನೀವು ಟಿಕೋಟಾದಿಂದ ವಿಜಯಪುರದ ತನಕಾ ಬಾಯಿ ಮುಚಗೊಂಡು ಕೂತಿದ್ರಿ ಅಂದ್ರ... ಇಷ್ಟು ಸುಳ್ಳು ಯಾರು ನಂಬತಾರ್ರಿ?"