ಗಾಜಿನ ತೊಟ್ಟೀಲಿ ಕೆರೆ ಸಿಗಡಿ

ನಾನು ಯಾವ ಊರಲ್ಲೂ ನೆಟ್ಟಗೆ ಆರು ತಿಂಗಳು ನಿಂತವನಲ್ಲ. ಆದರೆ ಎಲ್ಲಿಗೇ ಹೋಗಲಿ, ನಗೆಪಾಟಲು ಮಾತ್ರ ನನಗಿಂತ ಮುಂಚಿನ ಬಸ್ಸಿಗೇ ಬಂದು ಸ್ಟ್ಯಾಂಡಿನಲ್ಲಿ ಕಾದಿರುತ್ತದೆ.

ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು ನಾನು. ಲಾರಿ ಕ್ಲೀನರ್ ಆದೆ, ಧರ್ಮಪುರಿಯಲ್ಲಿ ಹೋಟೆಲ್ ಸಪ್ಲೈಯರ್ ಆದೆ, ಕೃಷ್ಣಗಿರಿಯ ಮಾವಿನ ಮಂಡಿಯಲ್ಲಿ ಹುಲ್ಲು ಹಾಸಿ ಹಣ್ಣು ತುಂಬಿದೆ. ಎಂಬತ್ತರ ದಶಕ ಶುರುವಾದಾಗ ಒಂದು ಟ್ರಂಕಿನ ಸಮೇತ ಹೊಸೂರು ಪಕ್ಕದ ಮೂಕಂಡಪಲ್ಲಿಯ ಅಕ್ಕನ ಮನೆಗೆ ಬಂದು ಬಿದ್ದೆ. ಭಾವ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ನನ್ನನ್ನೂ ಒಳಗೆ ಸೇರಿಸಲು ಸೂಪರ್‌ವೈಸರ್ ಹತ್ತಿರ ಮಾತಾಡಿಟ್ಟಿದ್ದರು. ನನಗೋ ಸೈರನ್ ಕೂಗಿದರೆ ಸಾಕು, ಕಾಲು ಬಸ್ ಸ್ಟ್ಯಾಂಡಿನ ಕಡೆ ತಿರುಗುತ್ತಿತ್ತು.

ಅದೇ ಹೊತ್ತಿಗೆ ಹೊಸೂರಿನ ಕ್ಷೌರದಂಗಡಿಯೊಂದರಲ್ಲಿ ಶೋಕಿಗೆ ಇಟ್ಟಿದ್ದ ಮೀನೆಲ್ಲ ಸತ್ತು, ಗಾಜಿನ ತೊಟ್ಟಿ ಬೀದಿಗೆ ಬಂತು. ಹೊತ್ತು ತಂದೆ. ಬೆಂಗಳೂರಿನಲ್ಲಿ ಬಣ್ಣದ ಮೀನು ಮಾರುವವನೊಬ್ಬ ನನಗೆ ಪರಿಚಯ. ಅವನು, "ಮೀನು ಯಾಕಯ್ಯಾ, ನಿಮ್ಮ ಕೆರೇಲಿ ಕಡ್ಡಿ ಗಾತ್ರದ ಸಿಗಡಿ ಇರ್ತವಲ್ಲ, ಅವನ್ನ ಬಿಡು. ಪಾಚಿ ತಿಂದ್ಕೊಂಡು ಗಾಜು ಥಳಥಳ ಅನ್ನೋ ಹಂಗೆ ಇಡ್ತವೆ. ಮರಿ ಮಾಡಿಸಿದ್ರೆ ನಾನೇ ತಗೋತೀನಿ" ಅಂದಿದ್ದ. ಇನ್ನೇನು, ಸಿಗಡಿ ವ್ಯಾಪಾರಿಯಾಗಿ ಬದುಕಿಬಿಡೋಣ ಅಂತ ತೀರ್ಮಾನಿಸಿದೆ.

ಭಾವ ತೊಟ್ಟಿಯ ಸುತ್ತ ಒಂದು ಸುತ್ತು ಬಂದು, "ಯಾವ್ದುನ್ನಾದ್ರೂ ಮೂರ್ ತಿಂಗ್ಳು ಮಾಡಿದ್ದೀಯೇನ್ಲಾ ನೀನು? ಆಗ್ಲಿ. ಯುಗಾದಿ ಒಳ್ಗೆ ಒಂದೇ ಒಂದು ಮರಿ ತೋರ್ಸು, ಫ್ಯಾಕ್ಟರಿ ಸುದ್ದೀನೇ ಎತ್ತಲ್ಲ. ಇಲ್ದಿದ್ರೆ ತೊಟ್ಟೀಲಿರೋವು ವರ್ಷತೊಡಕಿನ ಬಾಡೂಟದ ಬಾಣಲೆಗೆ, ನೀನು ಮಾರನೇ ದಿನ ಬೆಳಗಿನ ಶಿಫ್ಟಿಗೆ" ಅಂದರು.

ಸಿಗಡಿಗೂ ನನಗೂ ಒಂದೇ ಗಡುವು.

ಶ್ರೇಷ್ಠವಾದ ನೀರು

ಅಕ್ಕನ ರಾಗಿ ಜರಡಿಯನ್ನು ಕದ್ದು ಒಯ್ದು, ಆಲಸನತ್ತದ ಕಡೆಯ ಕೆರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಹತ್ತು ಸಿಗಡಿ ಹಿಡಿದೆ. ಕೆರೆ ನೀರು ಕೊಳಕು, ಒಳ್ಳೆ ನೀರು ಕೊಡಬೇಕು ಅಂತ ಮನಸ್ಸಾಯಿತು. ಮನೆಯಲ್ಲಿ ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಹಂಡೆ ಇತ್ತು. ಅದರಲ್ಲಿ ನಿಂತ ನೀರೇ ಆರೋಗ್ಯಕ್ಕೆ ಶ್ರೇಷ್ಠ ಅಂತ ಅಕ್ಕ ದಿನಾ ಹೇಳುತ್ತಿದ್ದಳು. ಹಂಡೆಯನ್ನೇ ತೊಟ್ಟಿಗೆ ಬೋರಲು ಹಾಕಿದೆ. ಬೆಳಗ್ಗೆ ಎದ್ದು ನೋಡಿದರೆ ಹತ್ತೂ ಬೆಳ್ಳಗೆ ಬಿಳುಚಿಕೊಂಡು ಮಗ್ಗುಲಾಗಿದ್ದವು.

ಬೆಂಗಳೂರಿನವನು ಕೇಳಿ ತಲೆ ಚಚ್ಚಿಕೊಂಡ. "ತಾಮ್ರ ಅಂದ್ರೆ ಸಿಗಡಿಗೆ ವಿಷ ಕಣಯ್ಯಾ! ಬಾವಿ ನೀರು ಮಣ್ಣಿನ ಮಡಕೇಲಿ ಇಟ್ಟು ಹಾಕು."

ಬಂದು ಹೇಳಿದರೆ ಅಕ್ಕ ಒಪ್ಪಬೇಕಲ್ಲ. "ನನ್ ಹಂಡೇಲಿ ವಿಷಾನಾ? ನಾಕು ತಿಂಗ್ಳಿಂದ ನೀನೂ ಅದೇ ನೀರು ಕುಡೀತಿದ್ದೀಯಲ್ಲ, ಏನಾಗಿದೆ ನಿಂಗೆ?"

ಭಾವ ಶೂ ಹಾಕಿಕೊಳ್ಳುತ್ತಾ ಅಂದರು: "ಅದ್ಕೇ ಅಲ್ವೇನೇ ಇವ್ನೂ ಮಗ್ಗುಲಾಗಿ ಬಿದ್ದಿರೋದು."

ಪಕ್ಕದ ಮನೆಯವರ ಸಾಕ್ಷಿ

ಎರಡನೇ ಸಲ ಹನ್ನೆರಡು ತಂದೆ. ಬಾವಿ ನೀರು, ತೊಳೆದ ಜಲ್ಲಿ, ಕೆರೆಯ ಜೊಂಡು, ಎಲ್ಲಾ ಕ್ರಮವಾಗಿ. ಸಿಗಡಿ ಬದುಕಿದವು. ಬದುಕಿದ ಸಿಗಡಿಯ ಮೊದಲ ಗುಣವೇನೆಂದರೆ ಬಚ್ಚಿಟ್ಟುಕೊಳ್ಳುವುದು. ಅದರ ಮೈಯೋ ಗಾಜಿನಂಥದು, ಆಚೆಯದು ಈಚೆಗೆ ಕಾಣುತ್ತದೆ.

ಪಕ್ಕದ ಮನೆಯಲ್ಲಿ ಒಬ್ಬ ವಾಚ್‌ಮನ್ ಇದ್ದರು, ತಮಿಳಿನವರು, ಸಾಧು ಮನುಷ್ಯ. ಬಂದು ಗಾಜಿಗೆ ಮೂಗು ಒತ್ತಿ ಹತ್ತು ನಿಮಿಷ ನೋಡಿದರು. "ತಂಬಿ, ತಣ್ಣಿದಾನೇ ಇರುಕ್ಕು?" ಅಂದರು. ಬರೀ ನೀರಲ್ಲವೇನಪ್ಪ ಇರೋದು ಅಂತ. "ಒಳಗಿವೆ ಅಣ್ಣಾಚ್ಚಿ, ಜೊಂಡಿನ ಹಿಂದೆ" ಅಂದೆ. ಮರುದಿನ ಮತ್ತೆ ಬಂದು ನೋಡಿದರು. ಮೂರನೇ ದಿನವೂ ಕಾಣಲಿಲ್ಲ. ನನ್ನ ಮನಸ್ಸು ನೋಯಬಾರದು ಅಂತಲೋ ಏನೋ, ಆಮೇಲೆ ಕೇಳುವುದನ್ನೇ ಬಿಟ್ಟರು.

ನೀರು ಆವಿಯಾಗಿ ಇಳಿದಿತ್ತು, ಒಂದು ದಿನ ಎರಡು ಕೊಡ ತುಂಬಿಸಿದೆ. ಆ ಸಂಜೆ ವಾಚ್‌ಮನ್ ಬೀದಿಯಲ್ಲಿ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಈ ಮನೆ ತಂಬಿ ನೀರು ಸಾಕ್ತಾರೆ. ನಗಬೇಡಪ್ಪಾ, ಒಳ್ಳೆ ಕೈಗುಣ. ನಿನ್ನೆಗಿಂತ ಇವತ್ತು ನಾಲ್ಕು ಬೆರಳು ಬೆಳೆದಿದೆ."

ಐದು ಸಾವು

ಅಷ್ಟರಲ್ಲಿ ತಳಿ ಅನ್ನೋ ಊರಿನ ಕಡೆಯ ಹಳ್ಳಿಯಿಂದ ಭಾವನ ತಾಯಿ ಬಂದಿಳಿದರು. ನಮಗೆಲ್ಲ ಅವರು ಅಜ್ಜಿ. ರಾಗಿ ಹಿಟ್ಟಿನ ಗಂಟು ಕೆಳಗಿಟ್ಟು ಮೊದಲು ತೊಟ್ಟಿ ನೋಡಿದರು. "ಇವ್ಕೆ ಯಾವೂರ್ಲಾ?"

"ಆಲಸನತ್ತದ ಕೆರೆ, ಅಜ್ಜಿ."

"ಪಾಪ, ಹತ್ರದ ಸಂಬಂಧವೇಯ" ಅಂದರು.

ಮಾರನೇ ದಿನ ತೊಟ್ಟಿಯ ತಳದಲ್ಲಿ ಒಂದು ಹೆಣ. ಮೀಸೆ, ಕಾಲು, ಬಾಲ, ಎಲ್ಲಾ ಸರಿಯಾಗಿದ್ದು ಜೀವ ಒಂದಿಲ್ಲ. ಅಜ್ಜಿ ಅದನ್ನು ಎಲೆಯ ಮೇಲೆ ಎತ್ತಿಕೊಂಡು ಹೋಗಿ ನುಗ್ಗೆ ಮರದ ಬುಡದಲ್ಲಿ ಮಣ್ಣು ಮಾಡಿ, ತಲೆ ಮೇಲೆ ನೀರು ಹುಯ್ದುಕೊಂಡು ಬಂದರು. ವಾರದಲ್ಲಿ ಐದು ಸಾವು, ಐದು ಸ್ನಾನ. ಅಜ್ಜಿಗೆ ನೆಗಡಿ. ನನಗಂತೂ ಶಿಫ್ಟಿನ ಸೈರನ್ನು ಕಿವಿಯೊಳಗೇ ಕೂಗುತ್ತಿತ್ತು.

ಐದನೆಯದಾದ ಮೇಲೆ ಭಾವ ಟಾರ್ಚು ಬಿಟ್ಟು ಉಳಿದವನ್ನು ಎಣಿಸಿದರು. ಹನ್ನೆರಡು! ನಾನೇ ಕದ್ದು ಹೊಸದು ತಂದು ಬಿಡುತ್ತಿದ್ದೀನಿ ಅಂತ ನನ್ನ ಮೇಲೆ ಹಾರಿಬಿದ್ದರು. ಬೆಂಗಳೂರಿಗೆ ಓಡಿದೆ. ಅಂಗಡಿಯವನು ಬಿದ್ದು ಬಿದ್ದು ನಕ್ಕ. "ಅದು ಹೆಣ ಅಲ್ವೋ, ಚಿಪ್ಪು! ಬೆಳೀತಾ ಬೆಳೀತಾ ಹಳೇ ಅಂಗಿ ಬಿಚ್ಚಿ ಬಿಸಾಕ್ತವೆ."

ಅಜ್ಜಿಗೆ ಬಂದು ಹೇಳಿದೆ. ಮೂಗೊರೆಸಿಕೊಂಡರು. ಆಮೇಲೆ ಗೂಟಕ್ಕೆ ಗುರಿ ತಪ್ಪಿ ನೆಲದಲ್ಲಿ ಬಿದ್ದಿದ್ದ ಭಾವನ ಯೂನಿಫಾರಮ್ಮಿನ ಕಡೆ ನೋಡಿ ಅಂದರು: "ಹಂಗಾದ್ರೆ ನನ್ ಮಗಾನೂ ದಿನಾ ಡ್ಯೂಟಿಯಿಂದ ಬಂದು ಇಲ್ಲಿ ಸಾಯ್ತಾವ್ನೆ ಅನ್ನು. ಎತ್ತೋಳು ನಿಮ್ಮಕ್ಕ."

ಚೊಚ್ಚಲು

ಯುಗಾದಿಗೆ ಇನ್ನು ಎಂಟು ದಿನ. ಒಂದು ಬೆಳಗ್ಗೆ ನೋಡುತ್ತೇನೆ, ಒಂದು ಸಿಗಡಿಯ ಹೊಟ್ಟೆಯ ಕೆಳಗೆ ಗಸಗಸೆಯಂಥ ಹಸಿರು ಮೊಟ್ಟೆಗಳು ಒತ್ತಾಗಿ ಅಂಟಿಕೊಂಡಿವೆ! ದಿನ ಕಳೆದಂತೆ ಮೊಟ್ಟೆಯೊಳಗೆ ಕಪ್ಪು ಚುಕ್ಕೆ ಮೂಡಿತು; ಅವು ಮರಿಗಳ ಕಣ್ಣು. ಅಕ್ಕ ಬಂದು ನೋಡಿದಳು. ವಾಚ್‌ಮನ್ ಬಂದು ಕೊನೆಗೂ ಒಂದನ್ನು ಕಂಡು ಕೈಮುಗಿದರು. ಭಾವ ಮಾತ್ರ ಮುಖ ಗಂಟಿಕ್ಕಿಕೊಂಡು ಓಡಾಡಿದರು. ಅಜ್ಜಿ ಗಾಜಿಗೆ ಕುಂಕುಮ ಇಟ್ಟು, "ಚೊಚ್ಚಲೇನ್ಲಾ?" ಅಂದರು.

"ಹೂಂ ಅಜ್ಜಿ, ಮೊದಲನೇದು" ಅಂದೆ, ಹಿಗ್ಗಿನಲ್ಲಿ.

ಹಬ್ಬಕ್ಕೆ ಎರಡು ದಿನವಿದೆ ಅನ್ನುವಾಗ ಬೆಂಗಳೂರಿಗೆ ಹೋದೆ. "ನಾಳೆ ಇಲ್ಲಾ ನಾಡಿದ್ದು ಮರಿ" ಅಂದ ಅಂಗಡಿಯವನು. ಬಸ್ಸಿನಲ್ಲಿ ಬರುವಾಗ ಕಿಟಕಿ ಪಕ್ಕ ಕೂತು, ಭಾವನ ಮುಂದೆ ಯಾವ ಥರ ನಿಲ್ಲಬೇಕು ಅಂತ ಅಭ್ಯಾಸ ಮಾಡಿದೆ.

ಮನೆಗೆ ಬಂದರೆ ತೊಟ್ಟಿಯಲ್ಲಿ ಹನ್ನೊಂದೇ ಇವೆ. ಮೊಟ್ಟೆಯವಳು ಇಲ್ಲ. ಜೊಂಡು ಕಿತ್ತೆ, ಜಲ್ಲಿ ತಿರುವಿ ಹಾಕಿದೆ. "ಅಜ್ಜೀ!"

ಅಜ್ಜಿ ನಿಧಾನವಾಗಿ ಎಲೆಯಡಿಕೆ ಅಗಿಯುತ್ತಾ, "ಕಳ್ಸಿ ಬಂದೆ" ಅಂದರು.

"ಎಲ್ಲಿಗೆ?"

"ತೌರಿಗೆ. ಚೊಚ್ಚಲು ಬಾಣಂತನ ಗಂಡನ ಮನೇಲಿ ಮಾಡ್ತಾರೇನ್ಲಾ ಎಲ್ಲಾದ್ರೂ? ನೋಡಿದೋರು ಏನಂದಾರು? ಟೀ ಸೋಸೋ ಜಾಲ್ರೀಲಿ ಎತ್ಕಂಡು, ಅರಿಶಿನ ಕುಂಕುಮ ಇಟ್ಟು, ಕೆರೇಲಿ ಬುಟ್ಟು ಬಂದೆ."

ನನಗೆ ಬಾಯಿಗೆ ಬಂದದ್ದು ಒಂದೇ ಮಾತು: "ತಾಮ್ರದ ಚೊಂಬಲ್ಲಿ ತಗಂಡ್ ಹೋದ್ರಾ?"

"ನಂಗೂ ಬುದ್ಧಿ ಐತೆ ಕಣ್ಲಾ. ಸ್ಟೀಲ್ ಚೊಂಬು."

ಅಕ್ಕನ ಕಡೆ ತಿರುಗಿದೆ. "ಅತ್ತೆ ಮಾಡಿದ್ದು ಸರೀನೇ ಕಣೋ. ನನ್ನನ್ನೂ ಕಳ್ಸಿರ್ಲಿಲ್ವಾ?" ಅಂದಳು.

ಸಂಜೆ ಭಾವ ಬಂದರು. ವಿಷಯ ಕೇಳಿ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. ನಾನೂ ಬಿಡಲಿಲ್ಲ. "ಭಾವ, ಇದು ನನ್ ತಪ್ಪಲ್ಲ. ನಿಮ್ಮ ಅವ್ವನೇ ಕಳ್ಸಿರೋದು. ಬಾಣಂತನ ಮುಗಿಸ್ಕೊಂಡು ಬರೋಕೆ ಮೂರು ತಿಂಗ್ಳು ಟೈಮು ಕೊಡಿ. ಕೊಡಲ್ಲ ಅನ್ನಿ, ನಿಮ್ಮ ಅವ್ವನ ಮುಂದೆ!"

ಅಜ್ಜಿ ಮಗನನ್ನೇ ದಿಟ್ಟಿಸಿ ನೋಡುತ್ತಿದ್ದರು. ಭಾವ ತಲೆ ಕೆರೆದುಕೊಂಡರು.

"ಸರಿ, ಒಪ್ಕಂಡೆ. ಮೂರು ತಿಂಗ್ಳು. ತೊಟ್ಟೀಲಿರೋವ್ನ ಬಾಣಲೆಗೂ ಹಾಕಲ್ಲ. ಆದ್ರೆ ಒಂದ್ ಮಾತು ಹೇಳವ್ವಾ, ಸೊಸೆ ಬಾಣಂತನಕ್ಕೆ ತೌರಿಗೆ ಹೋದ್ರೆ ಗಂಡನ ಮನೆ ಗಂಡಸು ಏನು ಮಾಡ್ತಾನೆ?"

"ದುಡಿಯಕ್ಕೆ ಹೋಯ್ತಾನಪ್ಪಾ. ಇನ್ನೇನು ಮಾಡಾನು?" ಅಂದರು ಅಜ್ಜಿ.

"ಕೇಳಿಸ್ತೇನ್ಲಾ? ವರ್ಷತೊಡಕಿನ ಮಾರನೇ ದಿನ ಐದೂವರೆಗೆ ಎಬ್ಬುಸ್ತೀನಿ."

ಎಬ್ಬಿಸಿದರು. ಟಿಫನ್ ಕ್ಯಾರಿಯರ್ ಹಿಡಿದು ಭಾವನ ಹಿಂದೆ ತಲೆ ತಗ್ಗಿಸಿಕೊಂಡು ಹೊರಟೆ. ಸೈರನ್ ಕೂಗಿತು. ಮನೆ ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಹೊಸಿಲ ಮೇಲಿಂದ ಅಜ್ಜಿ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು:

"ಲೋ, ಬರೋವಾಗ ಕೆರೆ ಕಡೆಯಿಂದ್ಲೇ ಬಾರ್ಲಾ! ಹೆರಿಗೆ ಆಯ್ತಾ ಏನೂಂತ ವಿಚಾರುಸ್ಕಂಡು ಬಾ! ಬರಿಗೈಲಿ ಹೋಗ್ಬ್ಯಾಡ, ಬೀಗ್ರು ಏನಾದ್ರೂ ಅಂದ್ಕಂಡಾರು, ಒಂದ್ ಚಿಪ್ಪು ಬಾಳೆಹಣ್ಣು ತಗಂಡ್ ಹೋಗು!"