ಬೇಸ್‌ಬಾಲ್ ವಿದುಷಿಯ ಏಕೈಕ ಹೊಡೆತ

ಬೇಸ್‌ಬಾಲ್ ಚೆಂಡಿನ ಮೇಲೆ ನೂರೆಂಟು ಜೋಡಿ ಹೊಲಿಗೆಗಳಿರುತ್ತವೆ. ನಮ್ಮ ಜಪಮಾಲೆಯ ಮಣಿಗಳಷ್ಟೇ! ಹೀಗೆ ಉಪನ್ಯಾಸ ಆರಂಭಿಸಿದರೆ ಹಿರಿಯರೂ ಕಿವಿಗೊಡುತ್ತಾರೆಂದು ಲೆಕ್ಕ ಹಾಕಿದ್ದೆ.

ಸಂದರ್ಭ, ಪರದೇಶದಲ್ಲಿ ನಾವಿರುವ ಸ್ಯಾನ್ ರಮೋನ್ ಮತ್ತು ಪಕ್ಕದೂರು ಪ್ಲೆಸೆಂಟನ್ನಿನ ಕನ್ನಡದವರ ವಾರ್ಷಿಕ ಪಿಕ್ನಿಕ್. ಪ್ರತಿ ಸಲ ಎರಡು ಊರಿನವರ ನಡುವೆ ಕ್ರಿಕೆಟ್ ನಡೆಯುತ್ತದೆ. ಸೋತವರು ಬಿಸಿಬೇಳೆಬಾತ್ ಮಾಡಿದ ಕೊಳದಪ್ಪಲೆಯನ್ನು ತೊಳೆದುಕೊಡಬೇಕು. ಒಬ್ಬರು ಒಳಗೆ ಕೂರಬಹುದಾದ ಪಾತ್ರೆ ಅದು. ತಳ ಹಿಡಿಯದೆ ಎಂದೂ ಖಾಲಿಯಾದದ್ದಿಲ್ಲ. ಈ ವರ್ಷ ಮಕ್ಕಳು ಬೇಸ್‌ಬಾಲೇ ಆಗಬೇಕೆಂದು ಹಟ ಹಿಡಿದರು. ನಮ್ಮ ಸ್ಯಾನ್ ರಮೋನ್ ತಂಡದ ಕ್ಯಾಪ್ಟನ್, ಧಾರವಾಡದ ಪಾಟೀಲ ಅಂಕಲ್, ನನ್ನ ಗಂಡ ಪ್ರಶಾಂತನನ್ನು ಹಿಡಿದರು.

"ನಿನ್ನ ಹೇಣ್ತಿ ಗಾಳಿ ಮ್ಯಾಲೆ ಪಿಎಚ್‌ಡಿ ಮಾಡ್ಯಾಳಲ್ಲ, ಆಕಿಗೆ ಈ ಆಟ ಗೊತ್ತದ ಏನು?"

"ಗೊತ್ತು ಅಂಕಲ್. ಅದರ ಮೇಲೆ ದಪ್ಪ ದಪ್ಪ ಪುಸ್ತಕ ಓದ್ತಾಳೆ."

ಓದುವುದು ನಿಜ. ಆ ಚೆಂಡನ್ನು ಕೈಯಿಂದ ಮುಟ್ಟಿರಲಿಲ್ಲ, ಅಷ್ಟೇ. ಅದನ್ನು ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ನನಗಿಲ್ಲ.

ಆಟಕ್ಕೆ ಮೊದಲು ನನ್ನ ಉಪನ್ಯಾಸ. ತಿರುಗುವ ಚೆಂಡು ಗಾಳಿಯನ್ನು ಒಂದು ಪಕ್ಕಕ್ಕೆ ತಳ್ಳಿ ತಾನು ಇನ್ನೊಂದು ಪಕ್ಕಕ್ಕೆ ಬಾಗುವುದನ್ನು ವಿವರಿಸಿದೆ. ಯಾರೋ ಒಬ್ಬ ಮಹಾನುಭಾವ ಕೂತು ಈ ಆಟವನ್ನು ಕಂಡುಹಿಡಿದನೆಂಬ ಕಥೆಯನ್ನು ಇತಿಹಾಸಕಾರರು ಒಪ್ಪುವುದಿಲ್ಲವೆಂದೂ, ಇದು ಇಂಗ್ಲೆಂಡಿನ ಹಳೆಯ ಆಟಗಳಿಂದ ಬೆಳೆದು ಬಂದ ಕ್ರಿಕೆಟ್ಟಿನ ದಾಯಾದಿಯೆಂದೂ ತಿಳಿಸಿದೆ. ಕೊನೆಗೆ ಗಂಭೀರವಾಗಿ ಹೇಳಿದೆ: "ಕ್ರಿಕೆಟ್ಟಿನವನು ಬ್ಯಾಟ್ ಹಿಡಿದು ಓಡುತ್ತಾನೆ, ಬೇಸ್‌ಬಾಲಿನವನು ಬ್ಯಾಟ್ ಬಿಸುಟು ಓಡುತ್ತಾನೆ. ಎರಡು ಸಂಸ್ಕೃತಿಗಳ ಭೇದವೆಲ್ಲ ಇಷ್ಟರಲ್ಲೇ ಅಡಗಿದೆ! ಪ್ರಶ್ನೆಗಳಿದ್ದರೆ ಕೇಳಬಹುದು."

ಪ್ಲೆಸೆಂಟನ್ನಿನ ಸರೋಜಾ ಆಂಟಿ ಕೈಯೆತ್ತಿದರು. "ಹಪ್ಪಳದ ಡಬ್ಬ ಯಾರ ಕಾರಲ್ಲಿದೆಯಮ್ಮಾ?"

ಪಾಟೀಲ ಅಂಕಲ್ ಮಾತ್ರ ಕರಗಿಹೋಗಿದ್ದರು. "ಇಷ್ಟು ತಿಳಕೊಂಡಾಕಿ ಕಡೀಕ ಬ್ಯಾಟ್ ಹಿಡೀಲಿ. ಕಷ್ಟಕಾಲಕ್ಕ ಬೇಕಾಗ್ತಾಳ."

ಕಷ್ಟಕಾಲ ಬಂದೇಬಿಟ್ಟಿತು. ನಾವು ಒಂದು ರನ್ ಹಿಂದಿದ್ದೆವು. ಪ್ರಶಾಂತ ಮೂರನೆಯ ಬೇಸಿನಲ್ಲಿ, ಅಂದರೆ ಮೈದಾನದ ಮೂರನೆಯ ಮೂಲೆಯ ಮೆತ್ತೆಯ ಮೇಲೆ, ಇನ್ನೊಬ್ಬರು ಎರಡನೆಯದರಲ್ಲಿ ಕಾಯುತ್ತಿದ್ದರು. ನಾನು ಹೊಡೆದು, ಚೆಂಡಿಗಿಂತ ಮುಂಚೆ ಮೊದಲ ಬೇಸಿನ ಮೇಲೆ ಕಾಲಿಟ್ಟರೆ ಇಬ್ಬರೂ ಓಡಿಬಂದು ಗೆಲುವು ನಮ್ಮದು. ನಾನು ಔಟಾದರೆ ಅವರ ಓಟವೂ ಲೆಕ್ಕಕ್ಕಿಲ್ಲ, ಆಟ ಮುಗಿಯಿತು, ಕೊಳದಪ್ಪಲೆ ನಮ್ಮದು!

ಮೊದಲ ಚೆಂಡು ಎಷ್ಟು ಬಾಗುತ್ತದೆಂದು ಅಂದಾಜು ಮಾಡಿದೆ. ಅಂದಾಜು ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಚೆಂಡು ಹಿಂದಿದ್ದವರ ಕೈ ಸೇರಿತ್ತು. ಎರಡನೆಯದರದ್ದೂ ಅದೇ ಗತಿ. ಮೂರನೆಯದೂ ತಪ್ಪಿದರೆ ಔಟ್.

"ತಂಗೀ, ವಿಚಾರ ಮಾಡಬ್ಯಾಡ! ಹೊಡಿ!" ಎಂದು ಕೂಗಿದರು ಪಾಟೀಲ ಅಂಕಲ್.

ಕಣ್ಣು ಮುಚ್ಚಿ ಬೀಸಿದೆ. ಠಣ್! ಕಣ್ಣು ಬಿಟ್ಟಾಗ ಚೆಂಡು ಮೈದಾನದ ಆಚೆ ತುದಿಗೆ ಉರುಳುತ್ತಿತ್ತು. ನಾನು ಸೊಂಟದ ಮೇಲೆ ಕೈಯಿಟ್ಟು ಅದರ ಪಥವನ್ನು ವೀಕ್ಷಿಸಿದೆ.

"ನಿಂತಿ ಯಾಕವಾ? ಓಡು!"

ಓಡಿದೆ. ಬ್ಯಾಟ್ ಸಮೇತ! ಮೈಸೂರಿನ ನಮ್ಮ ಬೀದಿಯಲ್ಲಿ ಅಣ್ಣಂದಿರ ಜೊತೆ ಕ್ರಿಕೆಟ್ ಆಡಿದ ಕೈಗೆ ನನ್ನ ಉಪನ್ಯಾಸ ಕೇಳಿಸಿರಲಿಲ್ಲ. ಅಂಪೈರ್ ಆಗಿದ್ದ ನಿಧಿ, ಪಾಟೀಲರ ಮಗಳು, "ಆಂಟೀ, ಡ್ರಾಪ್ ದ ಬ್ಯಾಟ್!" ಎಂದು ಕಿರುಚುತ್ತಿದ್ದಳು. ನಾನು ಬೇಸಿನಿಂದ ಒಂದು ಮಾರು ಈಚೆಗೇ ನಿಂತು, ಬಗ್ಗಿ, ಬ್ಯಾಟಿನ ತುದಿಯನ್ನು ಬೇಸಿಗೆ ಶಾಸ್ತ್ರೋಕ್ತವಾಗಿ ಮುಟ್ಟಿಸಿ ವಿಜಯದ ನಗೆ ಬೀರಿದೆ. ಆಗ ಚೆಂಡು ತೂರಿ ಬಂತು. ಆ ಬೇಸು ಕಾಯುತ್ತಿದ್ದ ಸರೋಜಾ ಆಂಟಿ ಅದನ್ನು ಸೆರಗಿನಲ್ಲಿ ಹಿಡಿದು, ಚಪ್ಪಲಿ ಕಳಚಿ, ಬೇಸಿನ ಮೇಲೆ ಹಗುರವಾಗಿ ಪಾದವಿಟ್ಟರು.

"ಔಟ್!" ಎಂದಳು ನಿಧಿ.

"ಬ್ಯಾಟ್ ಒಳಗಿದೆಯಲ್ಲ!" ಎಂದು ವಾದಿಸಿದೆ.

"ಆಂಟೀ, ದಟ್ಸ್ ಕ್ರಿಕೆಟ್."

ಅತ್ತ ಓಡಿ ಮುಗಿಸಿ ಕುಣಿಯುತ್ತಿದ್ದ ಪ್ರಶಾಂತ ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟ. ಪಾಟೀಲ ಅಂಕಲ್ ಹುಲ್ಲಿನ ಮೇಲೆ ಕುಸಿದರು. ಅಳುತ್ತಿದ್ದಾರೆಂದು ಹೆದರಿ ಹತ್ತಿರ ಹೋದೆ. ಅವರು ಹೊಟ್ಟೆ ಹಿಡಿದು ನಗುತ್ತಿದ್ದರು.

ಸೋತ ತಂಡ ತುರ್ತುಸಭೆ ಸೇರಿ, ಪಾತ್ರೆ ತೊಳೆಯಲು ತನ್ನ ಪ್ರತಿನಿಧಿಯಾಗಿ ನನ್ನನ್ನು ಸರ್ವಾನುಮತದಿಂದ ಆರಿಸಿತು.

ಮರುದಿನ ಬೆಳಿಗ್ಗೆ ಮನೆ ಮುಂದೆ ಕೊಳದಪ್ಪಲೆಯನ್ನು ಮಗ್ಗುಲಾಗಿಸಿ, ಸೊಂಟದವರೆಗೆ ಅದರೊಳಗೆ ನುಗ್ಗಿ, ಸೀದ ತಳವನ್ನು ಉಜ್ಜಿದೆ. ಪ್ರಶಾಂತ ಪೈಪು ಹಿಡಿದು ಕೇಳಿದ, "ಇದರ ಸೈನ್ಸ್ ಏನೇ?"

ನನಗೆ ನಗು ಬಂತು. ಯಾರಿಗೂ ಕಾಣದಂತೆ ಒಳಗೇ ಮನಸಾರೆ ನಕ್ಕೆ. ಶಬ್ದ ಪಾತ್ರೆಯೊಳಗೆ ಮೊಳಗಿ ಹೇಗೆ ದೊಡ್ಡದಾಗುತ್ತದೆಂಬುದನ್ನೂ ನಾನು ಓದಿದ್ದೆ. ಎದುರುಮನೆಯವರು ಬಾಗಿಲು ತೆರೆದು ನೋಡಿದರು.