ಅಲುಗಾಡದವರಿಗೆ ಬೆಳಕಿಲ್ಲವೆನ್ನುವ ದೇವರಕೋಣೆಯ ದೀಪಕ್ಕೆ

ಮಾನ್ಯರೇ,

ಶಿವಮೊಗ್ಗದ ರವೀಂದ್ರನಗರದಲ್ಲಿ, ನನ್ನ ಮಗ ರೇಣುಕಾಪ್ರಸಾದನ ಮನೆಯ ದೇವರಕೋಣೆಯ ಸೂರಿನಲ್ಲಿ ಅಂಗೈಯಗಲದ ಬಿಳಿ ತಟ್ಟೆಯಾಗಿ ನೆಲೆಸಿ, ಒಳಗೆ ಕೂತಿರುವುದು ಮನುಷ್ಯ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಭಾರವನ್ನು ಹೊತ್ತುಕೊಂಡಿರುವ ಸೆನ್ಸರ್ ದೀಪ ಮಹಾಶಯರಾದ ತಮ್ಮ ಪಾದಗಳಿಗೆ, ಪಾದಗಳಿಲ್ಲವಾದ್ದರಿಂದ ಎರಡು ಸ್ಕ್ರೂಗಳಿಗೆ, ಉಜ್ಜನಪ್ಪನಾದ ನಾನು ಮಾಡುವ ನಮಸ್ಕಾರಗಳು. ನಮಸ್ಕರಿಸುವಾಗ ಎರಡು ಕೈಗಳನ್ನೂ ಜೋರಾಗಿ ಆಡಿಸಿದ್ದೇನೆ. ಆದ್ದರಿಂದ ಇದು ತಮಗೆ ಕಂಡಿದೆ ಎಂದು ನಂಬಿದ್ದೇನೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕುಲುಮೆಯ ಮುಂದೆ ನಿಂತು ರಿಟೈರ್ ಆದವನು. ಪತ್ರದಲ್ಲಿ ತಪ್ಪುಗಳಿದ್ದರೆ ತಿದ್ದಿಕೊಳ್ಳಿ. ಬೈಗುಳವಿದ್ದರೆ ಅದು ತಪ್ಪಲ್ಲ, ಹಾಗೇ ಇಟ್ಟುಕೊಳ್ಳಿ.

ತಾವು ಈ ಮನೆಗೆ ಹೇಗೆ ದಯಮಾಡಿಸಿದಿರಿ ಎಂಬುದನ್ನು ಮೊದಲು ನೆನಪಿಸುತ್ತೇನೆ. ಹೋದ ತಿಂಗಳು ನಮ್ಮ ಬಡಾವಣೆಯ ಸಂಘದವರು ಮನೆಯಲ್ಲಿ ಕರೆಂಟು ಉಳಿಸುವುದು ಹೇಗೆ ಎಂಬ ಭಾಷಣ ಇಟ್ಟುಕೊಂಡಿದ್ದರು. ಹಗಲು ಹನ್ನೊಂದು ಗಂಟೆಗೆ, ಸಭಾಂಗಣದ ಅಷ್ಟೂ ಟ್ಯೂಬ್‌ಲೈಟು ಉರಿಸಿಕೊಂಡು, ಖಾಲಿ ಕುರ್ಚಿಗಳ ಮೇಲೂ ಫ್ಯಾನು ತಿರುಗಿಸಿಕೊಂಡು ನಡೆದ ಆ ಭಾಷಣದಿಂದ ನನ್ನ ಸೊಸೆ ಶಾಂಭವಿ ಒಂದು ಬಣ್ಣದ ಹಾಳೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಕೋಣೆ ಬಿಡುವಾಗ ಫ್ಯಾನು ಆರಿಸಿ, ಬಿಸಿ ಸಾರನ್ನು ಹಾಗೇ ಫ್ರಿಜ್ಜಿಗೆ ಇಡಬೇಡಿ, ಬಟ್ಟೆಯನ್ನೆಲ್ಲ ಒಟ್ಟಿಗೆ ಇಸ್ತ್ರಿ ಮಾಡಿ, ಟಿವಿಯನ್ನು ಗೋಡೆಯ ಸ್ವಿಚ್ಚಿನಲ್ಲೇ ಬಂದ್ ಮಾಡಿ, ಬಲ್ಬಿನ ಧೂಳು ಒರೆಸಿ, ಇವೇ ಆ ಹಾಳೆಯ ಉಪದೇಶಗಳು. ಅದನ್ನು ಓದಿ ನನಗೆ ಬಂದದ್ದು ನಗುವೋ ಸಿಟ್ಟೋ ಇನ್ನೂ ಗೊತ್ತಾಗಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿ ನಾವು ಮನೆ ಮಾಡಿಕೊಂಡಿದ್ದಷ್ಟು ಕಾಲವೂ ನಾನು ಇದನ್ನೇ ಮಾಡಿದವನು. ಆಗ ಅದಕ್ಕೆ ಜಿಪುಣತನ ಎಂದು ಹೆಸರಿತ್ತು. ನಾನು ಒಂದೊಂದೇ ಸ್ವಿಚ್ಚು ಆರಿಸುತ್ತಾ ನಡುಮನೆಗೆ ಬಂದರೆ ಇದೇ ರೇಣುಕಾಪ್ರಸಾದ, "ಅಪ್ಪ ಬಂದ್ರು, ಕತ್ಲೆ ಬಂತು" ಎಂದು ಹಲ್ಲು ಕಿರಿಯುತ್ತಿದ್ದ. ಈಗ ಬಣ್ಣದ ಹಾಳೆಯಲ್ಲಿ ಅಚ್ಚಾಗಿರುವುದರಿಂದ ಅದು ಜಾಗೃತಿಯಾಗಿದೆ.

ಆದರೂ ನ್ಯಾಯ ಹೇಳಬೇಕು. ಶಾಂಭವಿ ಹಳೇ ಬಲ್ಬುಗಳನ್ನು ತೆಗೆಸಿ ಎಲ್‌ಇಡಿ ಹಾಕಿಸಿದಳು, ಒಳ್ಳೆಯದೇ ಆಯಿತು. ಕಡಿಮೆ ಕರೆಂಟು ತಿನ್ನುವ ಫ್ಯಾನು ಹಾಕಿಸಿದಳು, ಅದೂ ಒಳ್ಳೆಯದೇ, ಅದರ ರಿಮೋಟು ಹುಡುಕುವುದಕ್ಕೆ ಮನೆಯ ದೀಪಗಳನ್ನೆಲ್ಲ ಹಾಕಬೇಕಾಗುತ್ತದೆ ಎಂಬುದೊಂದನ್ನು ಬಿಟ್ಟರೆ. ಬಚ್ಚಲಿಗೆ ಹೋಗುವ ಓಣಿಯಲ್ಲಿ ತಮ್ಮಂಥದೇ ಸೆನ್ಸರ್ ದೀಪ, ತಮಗೆ ಅಣ್ಣನಾಗಬೇಕಾದವನೊಬ್ಬನನ್ನು ಕೂರಿಸಿದಳು. ಅಲ್ಲಿ ಜನ ಓಡಾಡುತ್ತಾರೆ, ಅವನೂ ಹತ್ತುತ್ತಾನೆ, ಆರುತ್ತಾನೆ, ನನ್ನ ತಕರಾರಿಲ್ಲ. ಆಮೇಲೆ ಎಲೆಕ್ಟ್ರಿಷಿಯನ್ ನಾಗೇಶನ ಕೈಯಲ್ಲಿ ಒಂದು ಸೆನ್ಸರ್ ಮಿಕ್ಕಿತು. ಮಿಕ್ಕಿದ್ದನ್ನು ದೇವರಿಗೆ ಅರ್ಪಿಸುವ ಪದ್ಧತಿ ಎಲ್ಲಿಂದ ಬಂತೋ ಕಾಣೆ, ತಮ್ಮನ್ನು ದೇವರಕೋಣೆಗೆ ತಂದರು. "ಮನುಷ್ಯ ಬಂದ್ರೆ ಹತ್ತುತ್ತೆ ಅಜ್ಜ, ಮನುಷ್ಯ ಹೋದ್ರೆ ಆರುತ್ತೆ. ಸ್ವಿಚ್ಚೇ ಬ್ಯಾಡ" ಎಂದ ನಾಗೇಶ, ಅಲ್ಲಿದ್ದ ಸ್ವಿಚ್ಚನ್ನು ಕಿತ್ತು ಆ ಜಾಗಕ್ಕೆ ಒಂದು ಬೋಳು ತಟ್ಟೆ ಬಡಿದು ಹೋದ.

ಮಾನ್ಯರೇ, ನಮ್ಮಲ್ಲಿ ಪೂಜೆಯೆಂದರೆ ಏನೆಂದು ತಮ್ಮ ಕಂಪನಿಯವರು ತಮಗೆ ತಿಳಿಸಿದಂತಿಲ್ಲ. ಬೆಳಗಿನ ಐದೂವರೆಗೆ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಕಣ್ಣು ಬಿಟ್ಟುಕೊಂಡೇ ಅದನ್ನು ನೋಡುತ್ತಾ ಕೂರಬೇಕು. ಕೈ ನಡುಗಬಾರದು, ದೃಷ್ಟಿ ಕದಲಬಾರದು. ಹತ್ತು ವರ್ಷದವನಿದ್ದಾಗ ದೀಕ್ಷೆ ಕೊಟ್ಟ ಸ್ವಾಮಿಗಳು ಅಲುಗಾಡಿದ್ದಕ್ಕೆ ನನ್ನ ತೊಡೆಗೆ ಚಿವುಟಿದ್ದರು. ಅಂದಿನಿಂದ ಅರವತ್ತೈದು ವರ್ಷ ನಾನು ಕಷ್ಟಪಟ್ಟು ಕಲಿತದ್ದು ಸುಮ್ಮನೆ ಕೂರುವ ಒಂದೇ ವಿದ್ಯೆಯನ್ನು. ಆ ವಿದ್ಯೆಗೆ ತಾವು ಎರಡು ನಿಮಿಷ ಬೆಲೆ ಕಟ್ಟಿದಿರಿ. ಎರಡು ನಿಮಿಷವಾದೊಡನೆ ಕೋಣೆಯಲ್ಲಿ ಯಾರೂ ಇಲ್ಲವೆಂದು ಷರಾ ಬರೆದು ಕತ್ತಲು ಮಾಡಿದಿರಿ.

ಮೊದಲ ದಿನ ಕರೆಂಟು ಹೋಯಿತೆಂದುಕೊಂಡೆ. ತಲೆ ಎತ್ತಿದೆ, ಬಂತು. ಲಿಂಗದ ಕಡೆ ನೋಡಿದೆ, ಹೋಯಿತು. ಎಣ್ಣೆ ದೀಪ ಹಚ್ಚಿಕೊಳ್ಳೋಣವೆಂದರೆ, ಹೊಸ ಮಂಟಪದ ಪಾಲಿಶ್ಶಿಗೆ ಮಸಿ ಹಿಡಿಯುತ್ತದೆಂದು ಅದಕ್ಕೆ ಸಂಜೆಯ ಐದು ನಿಮಿಷ ಮಾತ್ರ ಅಪ್ಪಣೆ. ಕಿಟಕಿ ತೆಗೆಯೋಣವೆಂದರೆ ಆ ಕೋಣೆಗೆ ಕಿಟಕಿಯೇ ಇಲ್ಲ. ಶಾಂಭವಿಗೆ ದೂರು ಹೇಳಿದರೆ, "ಮಧ್ಯ ಮಧ್ಯ ಒಂಚೂರು ಕತ್ತು ಆಡ್ಸಿ ಮಾವ, ನಿಮ್ಗೂ ಎಕ್ಸರ್‌ಸೈಜ್ ಆಗುತ್ತೆ" ಎಂದಳು. ಪೆನ್ಷನ್ನಿನವರು ಕೂಡ ನಾನು ಬದುಕಿದ್ದೇನೆಂದು ವರ್ಷಕ್ಕೊಂದು ಸಲ ಹೆಬ್ಬೆಟ್ಟು ಒತ್ತಿಸಿಕೊಂಡು ಸುಮ್ಮನಾಗುತ್ತಾರೆ. ತಮಗೆ ಎರಡು ನಿಮಿಷಕ್ಕೊಂದು ಸಲ ಒತ್ತಬೇಕು.

ತಾವು ನೋಡುವುದು ಮೈಯ ಶಾಖವನ್ನಂತೆ, ಅದೂ ಚಲಿಸುವ ಶಾಖವನ್ನಷ್ಟೇ ಅಂತೆ. ಹಾಗೆಂದು ನಾಗೇಶ ತಿಳಿಸಿದ. ಶಾಖದ ವಿಷಯದಲ್ಲಿ ತಮ್ಮ ಪಾಂಡಿತ್ಯಕ್ಕೆ ಅಡ್ಡಬೀಳುತ್ತೇನೆ. ನಾನು ನಿಂತಿದ್ದ ಕುಲುಮೆ ಮೂವತ್ತೊಂದು ವರ್ಷದಲ್ಲಿ ಒಂದು ಅಂಗುಲ ಅತ್ತಿತ್ತ ಸರಿಯಲಿಲ್ಲ. ಅಲುಗಾಡುತ್ತಿಲ್ಲ, ಆದ್ದರಿಂದ ತಣ್ಣಗಿದೆ ಎಂದು ನಮ್ಮ ಪೈಕಿ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಅವರ ಮನೆಯವರಿಗೆ ಬೂದಿ ಮಾತ್ರ ಸಿಗುತ್ತಿತ್ತು. ತಮ್ಮಂಥ ಪ್ರತಿಭೆ ಒಂದು ದೇವರಕೋಣೆಯಲ್ಲಿ ಕೊಳೆಯುವುದು ನಾಡಿಗೇ ನಷ್ಟ. ತ್ಯಾವರೆಕೊಪ್ಪದ ಸಫಾರಿಯ ಹುಲಿಗಳ ಕಾವಲಿಗೆ ತಮ್ಮನ್ನು ನೇಮಿಸಬೇಕು. ಅಲ್ಲಿನ ಹುಲಿ ಮಧ್ಯಾಹ್ನವೆಲ್ಲ ಬಿದಿರಿನ ಬುಡದಲ್ಲಿ ಕಲ್ಲಿನಂತೆ ಬಿದ್ದಿರುತ್ತದೆ. ತಾವು ಎರಡು ನಿಮಿಷ ನೋಡಿ, ಹುಲಿ ಇಲ್ಲವೆಂದು ಬರೆದುಕೊಟ್ಟು, ಗೇಟು ತೆರೆಸಿ, ಒಳಗೆ ಜನ ಬಿಟ್ಟು, ಕರೆಂಟು ಉಳಿಸಿದ ಕೀರ್ತಿಗೆ ಪಾತ್ರರಾಗುವಿರಿ. ಚಲಿಸುವವರಿಗಷ್ಟೇ ಮರ್ಯಾದೆ ಕೊಡುವ ಈ ಬುದ್ಧಿ ತಮಗೆ ಎಲ್ಲಿಂದ ಬಂತೋ. ಯಾವುದೋ ಮಠದ ಬಾಗಿಲಲ್ಲಿ ನಿಂತು ಜಂಗಮರ ಮಹಿಮೆಯನ್ನು ಅರ್ಧ ಕೇಳಿಸಿಕೊಂಡು ಬಂದಿರಬೇಕು.

ತಮ್ಮ ಮರ್ಯಾದೆ ಯಾರಿಗೆ ಸಲ್ಲುತ್ತದೆ ಎಂಬುದನ್ನೂ ನೋಡಿದೆ. ಪಕ್ಕದ ಮನೆಯ ಬೆಕ್ಕು ನೈವೇದ್ಯದ ಹಾಲಿಗೆಂದು ನುಗ್ಗಿದರೆ ಕೋಣೆಯೆಲ್ಲ ಝಗ್ಗನೆ ಬೆಳಗುತ್ತೀರಿ. ಅದು ಹಾಲು ಕುಡಿದು, ಮೂತಿ ಒರೆಸಿಕೊಂಡು, ಬಾಲ ಎತ್ತಿ ಹೊರಡುವ ತನಕ ದೀಪ ಹಿಡಿದು ಸೇವೆ ಮಾಡುತ್ತೀರಿ. ಹೀಗಾಗಿ ದೇವರಕೋಣೆ ಖಾಲಿಯಿದ್ದಾಗ ಹೊರಗಿನಿಂದ ಚಿಲಕ ಹಾಕುವುದು ನನ್ನ ಕೆಲಸವಾಯಿತು.

ಇನ್ನು ನನ್ನ ಹೆಂಡತಿ ಜಗದಾಂಬಾಳ ವಿಷಯಕ್ಕೆ ಬರುತ್ತೇನೆ. ಎರಡನೇ ದಿನದಿಂದ ಅವಳೇ ಒಂದು ಉಪಾಯ ಹುಡುಕಿದಳು. ನಾನು ಪೂಜೆಗೆ ಕೂತರೆ ಅವಳು ಹೊಸ್ತಿಲ ಪಕ್ಕ ಮಣೆ ಹಾಕಿಕೊಂಡು, ನಿಮಿಷಕ್ಕೊಂದು ಸಲ ಟವೆಲ್ಲು ಬೀಸುತ್ತಾ ತಮ್ಮನ್ನು ಎಚ್ಚರವಾಗಿ ಇಟ್ಟಳು. ಮಂಡಿನೋವಿನ ಹೆಂಗಸು, ಹನ್ನೊಂದು ದಿನ, ದಿನಕ್ಕೆ ಮುಕ್ಕಾಲು ಗಂಟೆ ಹೀಗೆ ಕೂತಳು. ನನ್ನದು ಮುಗಿದ ಮೇಲೆ ಅವಳ ಪೂಜೆ. "ನೀವ್ ಹೋಗಿ ಪೇಪರ್ ಓದ್ರಿ, ನಂದು ನಾ ನೋಡ್ಕೋತೀನಿ" ಎನ್ನುತ್ತಿದ್ದಳು. ನಾನು ಹೋಗಿ ಪೇಪರ್ ಓದಿದೆ. ಅವಳಿಗೆ ಟವೆಲ್ಲು ಬೀಸುವವರು ಯಾರು ಎಂದು ಕೇಳಲಿಲ್ಲ.

ಹನ್ನೆರಡನೇ ದಿನ ಬುಧವಾರ. ಪೇಪರ್ ಬರುವುದು ತಡವಾಗಿತ್ತು. ನೀರು ಕುಡಿಯಲು ಒಳಗೆ ಹೋದವನು ದೇವರಕೋಣೆಯ ಬಾಗಿಲು ಓರೆಯಾಗಿರುವುದನ್ನು ಕಂಡೆ. ಒಳಗೆ ಕತ್ತಲು. ಇವಳ ಪೂಜೆ ಮುಗಿದಿದೆ, ಬೆಕ್ಕು ಬಂದೀತು ಎಂದುಕೊಂಡು ಬಾಗಿಲು ಎಳೆದು ಚಿಲಕ ಹಾಕಿ, ವರಾಂಡಕ್ಕೆ ಹೋಗಿ ಕೂತೆ.

ಅವಳು ಒಳಗೇ ಇದ್ದಳು. ಲಿಂಗ ಅಂಗೈಯಲ್ಲಿತ್ತು. ಪೂಜೆಗೆ ಕೂತರೆ ಮಾತಾಡಬಾರದು ಎಂಬುದು ಅವಳ ನೇಮ, ಆದ್ದರಿಂದ ಚಿಲಕದ ಸದ್ದು ಕೇಳಿಯೂ ತುಟಿ ಬಿಚ್ಚಲಿಲ್ಲ. ಕತ್ತಲಲ್ಲೇ ಪೂಜೆ ಮುಗಿಸಿ, ಲಿಂಗವನ್ನು ಕೊರಳಿಗೆ ಕಟ್ಟಿಕೊಂಡು, ಆಮೇಲೆ ಬಾಗಿಲು ಬಡಿದಿದ್ದಾಳೆ. ಕುಲುಮೆಯ ಸದ್ದಿಗೆ ಅರ್ಧ ಹೋದ ಈ ಕಿವಿಗೆ ಅದು ಕೇಳಲಿಲ್ಲ. ಶಾಂಭವಿ ಓಡಿ ಬಂದು ತೆಗೆದಳು. ಹೊರಗೆ ಬಂದ ಜಗದಾಂಬಾ ತಮ್ಮನ್ನು ಬೈಯಲಿಲ್ಲ. ನೇರ ವರಾಂಡಕ್ಕೆ ಬಂದು, ಸೊಸೆಯ ಎದುರಿಗೇ ನನ್ನನ್ನು ಕೇಳಿದಳು: "ಏನ್ರೀ ಮಾರಾಯ್ರೇ, ನಾಗೇಶ ನಿಮಗೂ ಒಂದು ಸೆನ್ಸರ್ ಕೂರಿಸಿ ಹೋದ್ನಾ?"

ಸೊಸೆ ನಗಲಿಲ್ಲ. ನಕ್ಕಿದ್ದರೆ ನಾಲ್ಕು ಬೈದು ಹಗುರಾಗುತ್ತಿದ್ದೆ. ನಲವತ್ತೆಂಟು ವರ್ಷದಿಂದ ನನ್ನೊಂದಿಗೆ ಸಂಸಾರ ಮಾಡಿದವಳು ಒಳಗಿದ್ದಾಳೋ ಇಲ್ಲವೋ ಎಂದು ತಿಳಿಯಲು ನಾನು ನೋಡಿದ್ದು ತಮ್ಮ ಮುಖವನ್ನು. ತಾವು ಇಲ್ಲವೆಂದಿರಿ, ನಾನು ಚಿಲಕ ಹಾಕಿದೆ. ಶಾಲೆಯ ಮೇಷ್ಟ್ರು ಏಳು ವರ್ಷ ಬಡಿದರೂ ಏನನ್ನೂ ಕಲಿಯದ ನನಗೆ, ಕತ್ತಲಿದ್ದರೆ ಯಾರೂ ಇಲ್ಲ ಎಂಬ ತಮ್ಮ ಪಾಠವನ್ನು ತಾವು ಹನ್ನೊಂದೇ ದಿನದಲ್ಲಿ ಕಲಿಸಿದಿರಿ. ಎಂಥ ಗುರುಗಳು! ಗುರುದಕ್ಷಿಣೆ ಕೊಡದೆ ಬಿಡುವವನಲ್ಲ ನಾನು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ. ಸುಮ್ಮನೆ ಕೂತವರ ಉಸಿರನ್ನು ಎಣಿಸಲು ತಾವು ಶುಕ್ರವಾರದೊಳಗೆ ಕಲಿಯಬೇಕು. ಕಲಿಯಲಾಗದಿದ್ದರೆ, ಈ ಮನೆಯಲ್ಲಿ ಜಗದಾಂಬಾ ಎಂಬ ಹೆಂಗಸು ಇದ್ದಾಳೆ ಎಂದು ಮೂರು ಪ್ರತಿಗಳಲ್ಲಿ ಬರೆದು ಸಹಿ ಹಾಕಿ ಕೊಡಬೇಕು. ಸಹಿ ಬಾರದಿದ್ದರೆ, ಸೂರಿನಿಂದ ಇಳಿದು ಬಂದು ಅವಳ ಪಕ್ಕ ಮಣೆಯ ಮೇಲೆ ಕೂತು ಟವೆಲ್ಲು ಬೀಸಬೇಕು. ಯಾವುದೂ ಆಗದೆಂದಾದರೆ, ಶನಿವಾರದಿಂದ ತಮ್ಮನ್ನು ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕಕ್ಕೆ ವರ್ಗ ಮಾಡಲಾಗುವುದು. ಅಲ್ಲಿ ಯಾರೂ ಧ್ಯಾನ ಮಾಡುವುದಿಲ್ಲ. ತಮ್ಮ ಘನತೆಗೆ ತಕ್ಕ ಜಾಗ.

ತಮ್ಮ ಕಣ್ಣಿಗೆ ಬೀಳದಿದ್ದರೂ ಇಲ್ಲೇ ಕೂತಿರುವ
ತಮ್ಮ ವಿಶ್ವಾಸಿ,
ಉಜ್ಜನಪ್ಪ
ರವೀಂದ್ರನಗರ, ಶಿವಮೊಗ್ಗ

ಆಮೇಲೆ ಸೇರಿಸಿದ ಮಾತು: ಶನಿವಾರ ನಾಗೇಶ ಬಂದು ತಮ್ಮನ್ನು ಇಳಿಸಿ, ಆ ಬೋಳು ತಟ್ಟೆ ಕಿತ್ತು ಮಾಮೂಲಿ ಸ್ವಿಚ್ಚು ಹಾಕಿದ. "ಆರಿಸೋದು ಯಾರಿಗೆ ನೆನಪಿರುತ್ತೆ ಮಾವ?" ಎಂದು ಶಾಂಭವಿ ಚಿಂತೆ ಮಾಡಿದಳು. ಭಾನುವಾರ ಜಗದಾಂಬಾ ಮುಕ್ಕಾಲು ಗಂಟೆ ಬೆಳಕಿನಲ್ಲಿ ಅಲುಗಾಡದೆ ಕೂತು, ಎದ್ದು, ಹೊಸ್ತಿಲು ದಾಟುವ ಮೊದಲು ಹಿಂತಿರುಗಿಯೂ ನೋಡದೆ ಒಂದು ಬೆರಳಿನಿಂದ ದೀಪ ಆರಿಸಿದಳು. ಆ ಬೆರಳಿಗೆ ಗ್ಯಾರಂಟಿ ಕಾರ್ಡು ಇಲ್ಲ. ನಾನು ಕಂಡ ನಲವತ್ತೆಂಟು ವರ್ಷದಲ್ಲಿ ಅದು ಒಂದು ದಿನವೂ ರಿಪೇರಿಗೆ ಹೋಗಿಲ್ಲ.